ಆರನೆಯವಳು

ಜೋಡಿ ಕೂಡಿಸುವುದೆಂದರೆ ನಮ್ಮ ಯಾದಗಿರಿ ಕಡೆಯವರಿಗೆ ಥಟ್ಟನೆ ನೆನಪಾಗುವುದು ಎರಡು: ಮದುವೆ ಮತ್ತು ಎತ್ತು. ಮದುವೆಯ ವಿಷಯದಲ್ಲಿ ಹತ್ತು ಜನ ಹತ್ತು ಮಾತಾಡಿ ಕೊನೆಗೆ ದೇವರ ಮೇಲೆ ಭಾರ ಹಾಕುತ್ತಾರೆ. ಎತ್ತಿನ ವಿಷಯದಲ್ಲಿ ಹಾಗಲ್ಲ. ಎತ್ತರ, ನಡಿಗೆ, ಸುಳಿ, ನೊಗದ ಎಡಕ್ಕೆ ರೂಢಿಯಾದದ್ದೋ ಬಲಕ್ಕೋ, ಎಲ್ಲವನ್ನೂ ನೋಡಿಯೇ ಕಟ್ಟುತ್ತಾರೆ. ಇವುಗಳ ಸಾಲಿಗೆ ಮೂರನೆಯದೊಂದು ಸೇರಿದೆ: ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಮಕ್ಕಳಿಗೆ ಜೊತೆಗಾರರನ್ನು ಹುಡುಕುವುದು. ಅಣ್ಣನ ಮಗಳಿಂದಾಗಿ ಆ ವ್ಯವಹಾರವನ್ನು ಒಂದು ರಾತ್ರಿಯಿಡೀ ಹತ್ತಿರದಿಂದ ನೋಡುವ ಯೋಗ ನನಗೆ ಬಂತು.

ಹುಡುಗಿ ಅಬ್ಬೆತುಮಕೂರಿನವಳು. ವಿಶ್ವಾರಾಧ್ಯರ ಮಠದಿಂದಾಗಿ ಊರಿನ ಹೆಸರು ಸುತ್ತಲಿನವರಿಗೆಲ್ಲ ಗೊತ್ತು. ಜಾತ್ರೆಯ ದಿನ ಕಾಲಿಡಲು ಜಾಗವಿರುವುದಿಲ್ಲ. ಆದರೆ ಕಲಬುರಗಿಯ ಅವಳ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಊರಿನಿಂದ ಅವಳೊಬ್ಬಳೇ. ಪೇಟೆಯ ಮಕ್ಕಳು ಒಂದೇ ಶಾಲೆ, ಒಂದೇ ಟ್ಯೂಷನ್ ಎಂದು ಗುಂಪು ಕಟ್ಟಿಕೊಂಡೇ ಬಂದಿರುತ್ತಾರೆ.

‘ಹ್ಯಾಕಥಾನ್’ ಎಂಬ ಮಾತು ಕೆಲವು ಪಾಲಕರಿಗೆ ಹೊಸದಿರಬಹುದು. ಕಂಪ್ಯೂಟರಿಗೆ ಕನ್ನ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮ್ಯಾರಥಾನ್ ಓಟದಂತೆ ಪಟ್ಟು ಹಿಡಿದು ಕುಳಿತು, ಗೊತ್ತುಮಾಡಿದ ಗಂಟೆಗಳೊಳಗೆ ಒಂದು ಸಾಫ್ಟ್‌ವೇರ್ ಕಟ್ಟಿ ತೋರಿಸುವುದು. 1999ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ತಂಡದವರು ಕೂಡಿದಾಗ ಈ ಹೆಸರು ಚಾಲ್ತಿಗೆ ಬಂತು. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಆರಂಭಿಸಿತು. ಅದರಲ್ಲಿ ತಂಡಕ್ಕೆ ಆರು ಮಂದಿ. ಒಬ್ಬಳಾದರೂ ಹುಡುಗಿ ಇರಲೇಬೇಕು. ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆಗಳದು.

ನಿಯಮ ಒಳ್ಳೆಯದೇ. ಅದನ್ನು ಪಾಲಿಸುವ ಬಗೆ ಮಾತ್ರ ಬೇರೆ. “ಕಾಕಾ, ಐದು ಮಂದಿ ಹುಡುಗ್ರು ಆಗ್ಯಾರ, ಒಂದು ಹುಡುಗಿ ಬೇಕಾಗ್ಯಾಳ, ನಿನ್ನ ಹೆಸರು ಬರಕೋಬೇಕೇನು ಅಂತ ಫೋನ್ ಮಾಡ್ತಾರ. ನಿನಗೇನು ಬರ್ತದ ಅಂತ ಒಬ್ಬರೂ ಕೇಳಂಗಿಲ್ಲ” ಎಂದಳು ಒಮ್ಮೆ. ಅಳಲಿಲ್ಲ, ಹೇಳಿ ಊಟಕ್ಕೆ ಕುಳಿತಳು. ನನಗೇ ತುತ್ತು ಇಳಿಯಲಿಲ್ಲ.

ಕಾಲೇಜಿನಲ್ಲೇ 24 ಗಂಟೆಯ ಸ್ಪರ್ಧೆ ಏರ್ಪಟ್ಟಾಗ ಅವಳು ಆರಿಸಿಕೊಂಡ ವಿಷಯ ಇದೇ: ಪ್ರೋಗ್ರಾಂ ಬರೆಯುವವರಿಗೆ ಜೊತೆಗಾರರನ್ನು ಹುಡುಕಿಕೊಡುವ ವೆಬ್ ಆಪ್. ಅಣ್ಣ “ರಾತ್ರಿ ಹೊರಗಿರೋದು ಬ್ಯಾಡ” ಎಂದ. ಹೆಣ್ಣುಮಕ್ಕಳ ತಂದೆಯ ಅಳುಕನ್ನು ನಾನು ನಗೆಯಾಡಲಾರೆ. ನಿವೃತ್ತ ಗಣಿತ ಮೇಷ್ಟ್ರಾದ ನನಗೆ ಬೇರೆ ಕೆಲಸವೂ ಇರಲಿಲ್ಲ. ಶಾಲು ಹೊದ್ದು ಕಾವಲಿಗೆ ಹೋದೆ. ತಂಡದಲ್ಲಿ ಇವಳು, ಇವಳ ಹಾಸ್ಟೆಲ್ ಗೆಳತಿ, ಬೀದರದ ಒಬ್ಬ, ರಾಯಚೂರಿನ ಒಬ್ಬ. ನಾಲ್ವರೂ ಯಾರೂ ಕರೆಯದೆ ಉಳಿದವರೇ.

ಮೊದಲು ಅವರು ಮಾಡಿದ್ದು ಸರಳ. ಜಾವಾ ಬಲ್ಲವರಿಗೆ ಜಾವಾದವರು, ಪೈಥಾನಿನವರಿಗೆ ಪೈಥಾನಿನವರು, ಹೆಚ್ಚು ಅಂಕದವರಿಗೆ ಹೆಚ್ಚು ಅಂಕದವರು. ನೊಗದ ಎಡಕ್ಕೇ ರೂಢಿಯಾದ ಎರಡು ಎತ್ತನ್ನು ಕಟ್ಟಿದಂತಾಯಿತಲ್ಲ ಎಂದೆ. ವಚನ ಸಂಚಯವನ್ನು ನೆನಪಿಸಿದೆ. ನಮ್ಮ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯನೂ ಸೇರಿದಂತೆ ಶರಣರ ಸಾವಿರಾರು ವಚನಗಳನ್ನು ಪದ ಹಿಡಿದು ಹುಡುಕಬಹುದಾದ ಜಾಲತಾಣ ಅದು. ಅದು ಆದದ್ದು ಪ್ರೋಗ್ರಾಂ ಬಲ್ಲವರೂ ಸಾಹಿತ್ಯ ಬಲ್ಲವರೂ ಒಟ್ಟಿಗೆ ಕುಳಿತದ್ದರಿಂದ. ಹುಡುಗರು ಅರ್ಜಿಯಲ್ಲಿ ಹೊಸ ಪ್ರಶ್ನೆಗಳನ್ನು ಸೇರಿಸಿದರು: ನಿನಗೆ ಏನು ಬರುವುದಿಲ್ಲ? ಯಾವ ಭಾಷೆಯಲ್ಲಿ ಸಲೀಸಾಗಿ ಕೇಳಬಲ್ಲೆ? ಊರಿನ ಕೊನೆಯ ಬಸ್ಸು ಎಷ್ಟಕ್ಕೆ?

ರಾತ್ರಿ ಎರಡಕ್ಕೆ ನಿಜವಾದ ತೊಡಕು ಎದುರಾಯಿತು. ಪರೀಕ್ಷೆಗೆಂದು ನಾಲ್ಕು ಸುಳ್ಳು ಹೆಸರು ಹಾಕಿದ್ದರು. ಜೋಡಿ ನಿಲ್ಲಲೇ ಒಲ್ಲದು. ಅದು ಅವರ ತಪ್ಪಲ್ಲ, ಗಣಿತದ ಸ್ವಭಾವ. 1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ಗಣಿತಜ್ಞರು, ಗಂಡು ಹೆಣ್ಣಿನ ಎರಡು ಪಟ್ಟಿಗಳಿದ್ದರೆ ಯಾರೂ ಬಿಟ್ಟುಹೋಗದಂಥ ಜೋಡಿಗಳನ್ನು ಯಾವಾಗಲೂ ಕೂಡಿಸಬಹುದೆಂದು ಸಾಧಿಸಿ ತೋರಿಸಿದರು. ಒಂದೇ ಗುಂಪಿನೊಳಗೆ ಜೋಡಿ ಮಾಡುವಾಗ ಆ ಭರವಸೆ ಇಲ್ಲವೆಂದೂ ಅದೇ ಲೇಖನದಲ್ಲಿ ಹೇಳಿದರು.

ಹೀಗೆ ನೋಡಿ. ಯಾದಗಿರಿಯವನಿಗೆ ಶಹಾಪುರದವನು ಬೇಕು, ಶಹಾಪುರದವನಿಗೆ ಸುರಪುರದವನು, ಸುರಪುರದವನಿಗೆ ಯಾದಗಿರಿಯವನು. ಮೂವರ ಪಟ್ಟಿಯಲ್ಲೂ ಕೊನೆಯ ಹೆಸರು ಅಬ್ಬೆತುಮಕೂರಿನವನದು. ಅವನನ್ನು ಯಾದಗಿರಿಯವನ ಜೊತೆ ಕೂಡಿಸಿದಿರೋ, ಸುರಪುರದವನು ತನ್ನ ಜೊತೆಗಾರನನ್ನು ಬಿಟ್ಟು ಯಾದಗಿರಿಯವನನ್ನು ಕರೆಯುತ್ತಾನೆ. ಯಾದಗಿರಿಯವನು ಖುಷಿಯಿಂದ ಎದ್ದುಹೋಗುತ್ತಾನೆ. ಅಬ್ಬೆತುಮಕೂರಿನವನು ಶಹಾಪುರದವನಿಗೆ ಬಿದ್ದ. ಅಲ್ಲಿಂದಲೂ ಇದೇ ಕತೆ. ಜೋಡಿ ಒಡೆಯುತ್ತಲೇ ಇರುತ್ತದೆ. ಇಂಥ ಗುಂಪಿನಲ್ಲಿ ನಿಲ್ಲುವ ಜೋಡಿ ಇದೆಯೋ ಇಲ್ಲವೋ ಎಂದು ಬೇಗ ಹೇಳುವ ವಿಧಾನವನ್ನು ರಾಬರ್ಟ್ ಇರ್ವಿಂಗ್ 1985ರಲ್ಲಿ ಕೊಟ್ಟರು. ‘ಇಲ್ಲ’ ಎಂದು ಬಂದರೆ ಅವರೂ ಏನು ಮಾಡಿಯಾರು? (ಶಾಪ್ಲಿಯವರಿಗೆ 2012ರಲ್ಲಿ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರಕ್ಕೆ!)

ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಹುಡುಗಿ ಬಹಳ ಹೊತ್ತು ನಾಲ್ಕನೆಯ ಹೆಸರನ್ನೇ ನೋಡುತ್ತಿದ್ದಳು. ಆಮೇಲೆ ನಿಯಮವನ್ನೇ ತಿರುಗಿಸಿದಳು: ಯಾರನ್ನು ಎಲ್ಲರೂ ಕೊನೆಗೆ ಬರೆದಿದ್ದಾರೋ, ಮೊದಲು ಆರಿಸುವ ಹಕ್ಕು ಅವರದು.

ಬೆಳಿಗ್ಗೆ ತೀರ್ಪುಗಾರರೊಬ್ಬರು “ಇದು ಜಾಣರಿಗೆ ಅನ್ಯಾಯವಲ್ಲವೇ?” ಎಂದು ಕೇಳಿದರು. “ಜಾಣರಿಗೆ ಆಪ್ ಇಲ್ಲದೇನೇ ಜೊತೆ ಸಿಗ್ತಾರ ಸರ್” ಎಂದಳು. ನನಗೆ ತೀರ್ಪುಗಾರರ ಮಾತಿನಲ್ಲೂ ಹುರುಳು ಕಂಡಿತು. ಒಲ್ಲದ ಜೊತೆಗಾರ ಪಕ್ಕದಲ್ಲಿ ಕೂತರೂ ಕೆಲಸ ಮಾಡಬೇಕಲ್ಲ. ಅದಕ್ಕೆ ಅವರಲ್ಲಿ ಅರ್ಧ ಉತ್ತರವಿತ್ತು: ಜೋಡಿ ಎರಡು ಗಂಟೆಗೆ ಮಾತ್ರ. ಒಬ್ಬರು ಟೈಪು ಮಾಡುವುದು, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ತಪ್ಪು ಹಿಡಿಯುವುದು, ಆಮೇಲೆ ಅದಲುಬದಲು. ಕೆಂಟ್ ಬೆಕ್ 1999ರ ತಮ್ಮ ಪುಸ್ತಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು. ಎರಡು ಗಂಟೆ ಯಾರನ್ನಾದರೂ ಸಹಿಸಬಹುದು. ಅಷ್ಟರಲ್ಲಿ ಪಕ್ಕದವರಿಗೆ ಏನು ಬರುತ್ತದೆಂದೂ ತಿಳಿಯುತ್ತದೆ.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಮುಂದಿನ ಸೆಮಿಸ್ಟರಿನಲ್ಲಿ ಅವರ ಲ್ಯಾಬಿನ ಮೇಡಂ ಮಾತ್ರ ಆ ಆಪನ್ನೇ ಬಳಸಿ ಮಕ್ಕಳನ್ನು ಕೂರಿಸಿದರು. ಬೆಸ ಸಂಖ್ಯೆ ಬಂದ ದಿನ ಒಂದು ಕಡೆ ಮೂವರು. ಇಬ್ಬರು ಹೆಚ್ಚು ಅಂಕದ ಹುಡುಗರು ತಕರಾರು ತೆಗೆದರಂತೆ. ಒಬ್ಬ ಸುಮ್ಮನಾದ, ಇನ್ನೊಬ್ಬ ಇನ್ನೂ ಗೊಣಗುತ್ತಿದ್ದಾನೆ.

‘ಒಂದು ಹುಡುಗಿ ಬೇಕಿತ್ತು’ ಎನ್ನುವ ಫೋನುಗಳು ಈಗಲೂ ಬರುತ್ತವೆ. ಮೊನ್ನೆ ನಾನಿದ್ದಾಗಲೇ ಬಂತು. “ಬರ್ತೀನಿ. ಡೇಟಾಬೇಸ್ ಕೆಲಸ ನನಗ ಕೊಡ್ತೀರೇನು?” ಎಂದು ಕೇಳಿದಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ “ಕೇಳಿ ಹೇಳ್ತೀವಿ” ಎಂದರು.