ಕೆಂಪು ಪೆಟ್ಟಿಗೆಯ ಆರು ತಿಂಗಳು

'ಶುಶ್ರೂಷೆ' ಎಂಬ ಪದವನ್ನು ನಾವು ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲದಲ್ಲಿರುವುದು ಸಂಸ್ಕೃತದ 'ಶ್ರು' ಧಾತು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ವಿಧೇಯತೆ ಸೇವೆ ಎನಿಸಿಕೊಂಡಿತು, ಸೇವೆ ಆರೈಕೆಯೆನಿಸಿಕೊಂಡಿತು. ಮುಂಬಯಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಮೂರು ವರ್ಷಗಳ ಜಿಎನ್‌ಎಂ ತರಬೇತಿಗೆ ಸೇರಿದಾಗ ನಾನು ಇದನ್ನು ಅರಿತಿರಲಿಲ್ಲ. ಎರಡನೆಯ ವರ್ಷ ಕ್ಷಯರೋಗ ತಗುಲಿ ಆರು ತಿಂಗಳು ನಾನೇ ರೋಗಿಯಾದಾಗ, ಆ ಮೂಲಾರ್ಥದ ಬೆಲೆ ತಿಳಿಯಿತು.

ಅದು 2004ರ ಮಾತು. ಸ್ತ್ರೀಯರ ವಾರ್ಡಿನಲ್ಲಿ ರಾತ್ರಿ ಪಾಳಿ. ಸಂಜೆಯಾಗುತ್ತಲೇ ಮೈ ಸಣ್ಣಗೆ ಬಿಸಿಯಾಗುತ್ತಿತ್ತು. ಸಮವಸ್ತ್ರದ ಬೆಲ್ಟು ಎರಡು ತೂತು ಒಳಗೆ ಸರಿದಿತ್ತು. ರಾತ್ರಿ ಪಾಳಿಯ ಆಯಾಸವೆಂದು ಜೊತೆಯವರೂ ಹಿರಿಯರೂ ಹೇಳಿದರು. ಅದು ನಂಬಲು ಅನುಕೂಲವಾದ ಮಾತೂ ಆಗಿತ್ತು. ಕೆಮ್ಮನ್ನು ಲೆಕ್ಕವಿಟ್ಟವರು ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ ಸಾತಾರಾ ಕಡೆಯ ಒಬ್ಬ ಅಜ್ಜಿ. ನಿದ್ದೆ ಬಾರದ ಆಕೆ ಒಂದು ರಾತ್ರಿ ನನ್ನ ಕೈ ಹಿಡಿದು, ನಾನು ಬಂದ ದಿನದಿಂದಲೂ ನೀನು ಕೆಮ್ಮುತ್ತಿದ್ದೀಯೆ, ಇಪ್ಪತ್ತು ದಿನಗಳಾದವು, ಡಾಕ್ಟರಿಗೆ ತೋರಿಸು ಎಂದು ಮರಾಠಿಯಲ್ಲಿ ಗದರಿದರು. ಆ ವಾರ್ಡಿನಲ್ಲಿ ಅಂದು ಶುಶ್ರೂಷೆ ಮಾಡಿದವರು ಆಕೆ.

ಎರಡು ದಿನಗಳಲ್ಲಿ ಮೂರು ಬಾರಿ ಕಫದ ಪರೀಕ್ಷೆಯಾಯಿತು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಕಾಣುವ ಆ ರೋಗಾಣುಗಳನ್ನು ಪ್ರಯೋಗಾಲಯದಲ್ಲಿ ನಾವು ಚಿತ್ರ ಬರೆದು ಕಲಿತಿದ್ದೆವು. ಈಗ ಅವು ನನ್ನ ಕಫದಲ್ಲಿದ್ದವು. ಅಂದಿನ ಸರ್ಕಾರಿ ಯೋಜನೆಯಲ್ಲಿ ಹೊಸ ರೋಗಿಗೆ ಪೂರ್ಣ ಚಿಕಿತ್ಸೆಯ ಮಾತ್ರೆಗಳನ್ನು ತುಂಬಿದ ಒಂದು ಕೆಂಪು ಪೆಟ್ಟಿಗೆಯನ್ನೇ ಮೀಸಲಿಡುತ್ತಿದ್ದರು. ಅದರ ಮೇಲೆ ರೋಗಿಯ ಹೆಸರು. ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಹೋಗಿ ಕಾರ್ಯಕರ್ತೆಯ ಕಣ್ಣೆದುರೇ ಏಳು ಮಾತ್ರೆಗಳನ್ನು ನುಂಗಬೇಕಿತ್ತು. ಸಮುದಾಯ ಆರೋಗ್ಯದ ಪಾಠಕ್ಕೆಂದು ಕೆಲವೇ ತಿಂಗಳ ಹಿಂದೆ ನಾನೇ ಚಾಳುಗಳ ಓಣಿಗಳಲ್ಲಿ ತಿರುಗಿ, ಒಂದು ಡೋಸೂ ತಪ್ಪಿಸಬೇಡಿ ಎಂದು ಹೇಳಿಬಂದಿದ್ದೆ.

ಔಷಧಶಾಸ್ತ್ರದ ಟಿಪ್ಪಣಿಗಳು ಮೈಯಲ್ಲೇ ತೆರೆದುಕೊಂಡವು. ರಿಫಾಂಪಿಸಿನ್ ಮೂತ್ರಕ್ಕೆ ಕಿತ್ತಳೆ ಬಣ್ಣ ತರುತ್ತದೆಂದು ಪರೀಕ್ಷೆಯಲ್ಲಿ ಬರೆದಿದ್ದರೂ ಮೊದಲ ದಿನ ಅದನ್ನು ಕಂಡು ಎದೆ ಧಸಕ್ಕೆಂದಿತು. ಪೈರಜಿನಮೈಡಿನಿಂದ ಕೀಲುಗಳು ನೋಯುತ್ತಿದ್ದವು. ಮಾತ್ರೆ ನುಂಗಿದ ದಿನ ಒಗ್ಗರಣೆಯ ವಾಸನೆಯೂ ಸೇರುತ್ತಿರಲಿಲ್ಲ. 'ವಾಕರಿಕೆ' ಎಂಬ ಒಂದು ಪದದೊಳಗೆ ಇಷ್ಟು ಉದ್ದದ ಮಧ್ಯಾಹ್ನಗಳಿರುತ್ತವೆಯೆಂದು ಪಠ್ಯಪುಸ್ತಕ ಹೇಳಿರಲಿಲ್ಲ.

ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಒಂದೇ ಕೋಣೆಯ ಮನೆ. ಗಾಳಿಯಾಡಲೆಂದು ನನ್ನ ಹಾಸಿಗೆಯನ್ನು ಕಿಟಕಿಯ ಕೆಳಗೆ ಹಾಸಿ, ತಾವು ತಿಂಗಳುಗಟ್ಟಲೆ ಹೊರಗಿನ ಪಡಸಾಲೆಯಲ್ಲಿ ಮಲಗಿದರು. ಅಮ್ಮನ ಚಿಂತೆ ಬೇರೆಯಾಗಿತ್ತು: "ಊರಲ್ಲಿ ಯಾರಾದರೂ ಕೇಳಿದರೆ ಟೈಫಾಯಿಡ್ ಅಂತ ಹೇಳುವ, ಮಗಾ." ಮದುವೆಗೆ ಬಂದ ಮಗಳ ತಾಯಿ ಆಕೆ, ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಹಾಸ್ಟೆಲಿನಲ್ಲೂ ನನ್ನ ತಟ್ಟೆ, ಲೋಟಗಳನ್ನು ಬೇರೆಯಿಟ್ಟಿದ್ದರು. ಕ್ಷಯ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ ಎಂಬುದನ್ನು ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತವರೇ ಹಾಗೆ ಮಾಡಿದ್ದರು. ತಿಳಿವಳಿಕೆ ತಲೆಯಿಂದ ಕೈಗೆ ಇಳಿಯಲು ಎಷ್ಟು ಕಾಲ ಬೇಕೆಂಬುದನ್ನು ಅಂದು ಕಂಡೆ.

ಆದರೆ ನಿಜವಾಗಿ ನನ್ನನ್ನು ಕಂಗೆಡಿಸಿದ್ದು ಗಂಟೆಗಳ ಲೆಕ್ಕ. ನರ್ಸಿಂಗ್ ತರಬೇತಿಯಲ್ಲಿ ವಾರ್ಡಿನ ಕೆಲಸದ ನಿಗದಿತ ಗಂಟೆಗಳು ನೂರಕ್ಕೆ ನೂರು ಭರ್ತಿಯಾಗದೆ ಪ್ರಮಾಣಪತ್ರವಿಲ್ಲ. ನಾನು ಆರು ವಾರ ರಜೆಯಲ್ಲಿದ್ದೆ; ವಾರಕ್ಕೆ 48 ಗಂಟೆಯಂತೆ 288 ಗಂಟೆ ಬಾಕಿ. ನಿಯಮದ ಹಿಂದೆ ನ್ಯಾಯವಿದೆ: ಕೈ ಪಳಗದ ನರ್ಸಿನ ಕೈಗೆ ಯಾವ ರೋಗಿಯನ್ನೂ ಒಪ್ಪಿಸಬಾರದು. ಹಾಗಿದ್ದೂ ವಾರ್ಡಿನಲ್ಲೇ ತಗುಲಿರಬಹುದಾದ ರೋಗಕ್ಕೆ ವಿದ್ಯಾರ್ಥಿನಿಯೊಬ್ಬಳೇ ಸಾಲಗಾರಳಾಗುವುದು ವಿಚಿತ್ರವೆನಿಸುತ್ತಿತ್ತು. ಶಾಲೆಯಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಯಾವಾಗ ತುಂಬಿಕೊಡುತ್ತೀ ಎಂದು. ನನ್ನ ತಂಡದವರು ಕೋರ್ಸು ಮುಗಿಸಿ ಊರಿಗೆ ಹೊರಟ ಮೇಲೆ, ಖಾಲಿಯಾದ ಹಾಸ್ಟೆಲಿನಲ್ಲಿ ಒಬ್ಬಳೇ ಉಳಿದು 36 ಪಾಳಿಗಳನ್ನು ತೀರಿಸಿದೆ.

ಪಾಲಿಕೆಯ ದವಾಖಾನೆಯ ಆ ಕಾರ್ಯಕರ್ತೆಯ ಪ್ರಶ್ನೆ ಬೇರೆಯಿತ್ತು. ಕಾರ್ಡಿನಲ್ಲಿ ಗುರುತು ಹಾಕುವ ಮೊದಲು ಪ್ರತಿಸಲವೂ ಆಕೆ, ನಿನ್ನೆ ಊಟ ಸೇರಿತೇ ಎಂದು ಕೇಳುತ್ತಿದ್ದರು. ಉತ್ತರ ಮುಗಿಯುವವರೆಗೆ ಪೆನ್ನು ಎತ್ತುತ್ತಿರಲಿಲ್ಲ. ಔಷಧಿ ಬಿಟ್ಟುಬಿಡೋಣವೆನಿಸಿದ ದಿನಗಳಲ್ಲೂ ನನ್ನನ್ನು ಅಲ್ಲಿಗೆ ನಡೆಸಿಕೊಂಡು ಹೋದದ್ದು ಆ ಪ್ರಶ್ನೆ. ಎರಡು ತಿಂಗಳಿಗೆ ಕಫ ಶುದ್ಧವಾಯಿತು, ಆರು ತಿಂಗಳಿಗೆ ಪೆಟ್ಟಿಗೆ ಬರಿದಾಯಿತು.

ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನಲ್ಲಿ ನಾವು ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದೆವು. ಆ ಪ್ರತಿಜ್ಞೆ ಆಕೆ ಬರೆದದ್ದಲ್ಲ, 1893ರಲ್ಲಿ ಅಮೆರಿಕದಲ್ಲಿ ರಚಿತವಾದದ್ದು. ಅದರಲ್ಲಿ ರೋಗಿಯ ಹಿತದ ಮಾತಿದೆ, ನರ್ಸಿನ ಆರೋಗ್ಯದ ಮಾತಿಲ್ಲ. ದೀಪ ಹಿಡಿದು ರಾತ್ರಿ ಸುತ್ತುತ್ತಿದ್ದ ನೈಟಿಂಗೇಲ್ ನಮಗೆ ಪಾಠವಾಗಿದ್ದಳು. 1855ರಲ್ಲಿ ಕ್ರಿಮಿಯಾದಲ್ಲಿ ತೀವ್ರ ಜ್ವರಕ್ಕೆ ತುತ್ತಾಗಿ, ಮರಳಿದ ಮೇಲೆ ವರ್ಷಗಟ್ಟಲೆ ಹಾಸಿಗೆ ಹಿಡಿದ ನೈಟಿಂಗೇಲ್ ಪಾಠವಾಗಿರಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ಆರಂಭವಾದಾಗ ಆಕೆ ರೋಗಿಯಾಗಿದ್ದಳು. ರೋಗಿಯ ಕೋಣೆಯ ಗಾಳಿಯ ಬಗ್ಗೆ ಆಕೆಗಿದ್ದ ಹಟ ಪ್ರಸಿದ್ಧ. ಈ ಅರ್ಧವನ್ನೂ ಯಾರಾದರೂ ಹೇಳಿದ್ದರೆ, ಕಾಯಿಲೆ ಬಿದ್ದವಳು ಈ ವೃತ್ತಿಗೆ ಸಲ್ಲದವಳೆಂಬ ಅಳುಕು ನನ್ನನ್ನು ಅಷ್ಟು ಕಾಡುತ್ತಿರಲಿಲ್ಲವೇನೋ.

ಈಗ ಕಾಲ ಬದಲಾಗಿದೆ. ಮಾತ್ರೆಗಳನ್ನು ದಿನವೂ ಕೊಡುತ್ತಾರೆ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1000 ರೂಪಾಯಿ ಕೊಡುತ್ತಿದೆ. ಗಂಟೆಗಳ ನಿಯಮ ಹಾಗೆಯೇ ಇದೆ. ನಾನೀಗ ಬೇರೊಂದು ಶಾಲೆಯಲ್ಲಿ ಬೋಧಕಿ. ಪ್ರತಿ ತಿಂಗಳು ವಿದ್ಯಾರ್ಥಿನಿಯರ ತೂಕ ಬರೆದಿಡುತ್ತೇನೆ, ಕೆಮ್ಮು ಎಷ್ಟು ದಿನದ್ದೆಂದು ಕೇಳುತ್ತೇನೆ. ಕಳೆದ ವರ್ಷ ಒಬ್ಬಳ ತೂಕ ಮೂರು ಕಿಲೋ ಇಳಿದಿತ್ತು, ಕ್ಷಯವೇ. ಅವಳ ಬಾಕಿ ಗಂಟೆಗಳನ್ನು ಕೊನೆಗೆ ಒಟ್ಟಾಗಿ ಹೇರದೆ, ಗುಣವಾದ ಮೇಲೆ ವಾರಕ್ಕೊಂದು ಪಾಳಿಯಂತೆ ಹಂಚಿಕೊಡಲು ಪ್ರಾಂಶುಪಾಲರು ಒಪ್ಪಿದರು. ಅವಳು ತನ್ನ ತಂಡದೊಡನೆಯೇ ಪರೀಕ್ಷೆಗೆ ಕುಳಿತಳು.