ರೇಸ್ ಕೊಟ್ಟಾಗಿನ ಆ ಒಂದು ಗಳಿಗೆ

ಮಳೆಗಾಲ ಕಳೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಹೊಸಬಾಳೆ ಕಡೆಯ ಹಳೆಯ ಬೈಕುಗಳು ಕೊಟ್ಟಿಗೆಯ ಮೂಲೆಯಿಂದ ಹೊರಗೆ ಬರುತ್ತವೆ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತವೆ, ನಿಂತಲ್ಲಿ ಸಮವಾಗಿಯೇ ಓಡುತ್ತವೆ. ಏರಿನಲ್ಲಿ ರೇಸ್ ಕೊಟ್ಟರೆ ಮಾತ್ರ ಒಮ್ಮೆ ಉಸಿರು ಹಿಡಿದು, ಮುಗ್ಗರಿಸಿ, ಆಮೇಲೆ ಮುಂದಕ್ಕೆ ನುಗ್ಗುತ್ತವೆ. "ಪಿಕಪ್ಪೇ ಇಲ್ಲ ಮಾರಾಯ" ಎಂದು ಸೊರಬದ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸುವವರನ್ನು ಕಂಡಾಗಲೆಲ್ಲ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಆ ಮುಗ್ಗರಿಕೆ ಬಿಡಿಸುವ ಕೆಲಸ ನೋಡುವುದೂ ಸುಖ, ಮಾಡುವುದು ಇನ್ನೂ ಸುಖ.

ಆ ಗಳಿಗೆಯಲ್ಲಿ ಒಳಗೆ ಏನಾಗುತ್ತದೆ? ಗಾಳಿ ಹಗುರ, ಪೆಟ್ರೋಲ್ ಭಾರ. ರೇಸ್ ಕೊಟ್ಟೊಡನೆ, ಇವೆರಡನ್ನೂ ಬೆರೆಸುವ ಕಾರ್ಬೊರೇಟರಿನ ಸ್ಲೈಡ್ ಮೇಲೇಳುತ್ತದೆ, ಗಾಳಿ ತಡವಿಲ್ಲದೆ ಒಳನುಗ್ಗುತ್ತದೆ. ಪೆಟ್ರೋಲು ತಳದ ಬಟ್ಟಲಿನಿಂದ ಸಣ್ಣ ಜೆಟ್ಟಿನ ಮೂಲಕ ಮೇಲೇರಿ ಬರಬೇಕು. ದಾರಿ ಒಮ್ಮೆಗೇ ಅಗಲವಾದಾಗ ಅದನ್ನು ಎಳೆದು ತರುವ ಸೆಳೆತವೂ ಕುಗ್ಗುತ್ತದೆ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿ 14.7 ಕಿಲೋ, ಅಂದರೆ 1 ಲೀಟರಿಗೆ ಸುಮಾರು 9,000 ಲೀಟರ್ ಗಾಳಿ. ಗಾಳಿ ಇದಕ್ಕಿಂತ ಬಹಳ ಹೆಚ್ಚಾದರೆ ಕಿಡಿ ಹಾರಿಯೂ ಬೆಂಕಿ ಸರಿಯಾಗಿ ಹತ್ತುವುದಿಲ್ಲ. ಹಳೆಯ ಕಾರುಗಳಲ್ಲಿ ಈ ಕೊರತೆ ತುಂಬಲೆಂದೇ ಒಂದು ಪುಟ್ಟ ಪಂಪು ಇರುತ್ತಿತ್ತು, ಪೆಡಲ್ ಒತ್ತಿದಾಗ ಒಂದಿಷ್ಟು ಪೆಟ್ರೋಲ್ ಚಿಮ್ಮಿಸುತ್ತಿತ್ತು. ನಮ್ಮ ಸಣ್ಣ ಬೈಕುಗಳಿಗೆ ಅದಿಲ್ಲ; ಟ್ಯೂನಿಂಗ್ ಒಂದೇ ಆಧಾರ.

ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಮೊದಲ ಅನುಮಾನ ಕಡಿಮೆ ರೇಸಿನಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ಮೇಲೆ. ಅದರ ರಂಧ್ರ ಅರ್ಧ ಮಿಲಿಮೀಟರಿಗೂ ಕಿರಿದು. ಆರಿದ ಪೆಟ್ರೋಲಿನ ಅಂಟು ಕೂತರೆ ಅಷ್ಟೇ ಸಾಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಮಲೆನಾಡಿನ ಅಂಚಿನ ನಮ್ಮ ಹವೆಯಲ್ಲಿ ತೇವಕ್ಕೇನು ಬರ! ಜೆಟ್ಟಿಗೆ ತಂತಿ ತೂರಿಸಬಾರದು, ರಂಧ್ರ ದೊಡ್ಡದಾದರೆ ಅಳತೆಯೇ ಕೆಡುತ್ತದೆ. ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಬೇಕು. ಆ ಚುಕ್ಕೆ ಬೆಳಕು ಕಂಡಾಗ ಅರ್ಧ ಕೆಲಸ ಗೆದ್ದಂತೆ. ಏರ್ ಫಿಲ್ಟರ್, ಇಂಜಿನ್ನಿಗೆ ಸೇರುವ ಕಡೆಯ ರಬ್ಬರಿನ ಬಿರುಕು, ಇವನ್ನೂ ನೋಡಿಬಿಡಬೇಕು.

ಆಮೇಲೆ ಬರುವುದು ಕಿವಿಯ ಕೆಲಸ. ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಗಾಡಿ ನಿಲ್ಲಿಸಿ, ಮಿಕ್ಸ್ಚರ್ ಸ್ಕ್ರೂವನ್ನು ಮೆತ್ತಗೆ ತಳ ಮುಟ್ಟಿಸಿ, ಒಂದೂವರೆ ಸುತ್ತು ಬಿಚ್ಚಿ ಮತ್ತೆ ಸ್ಟಾರ್ಟ್ ಮಾಡುತ್ತೇನೆ. ಅಲ್ಲಿಂದ ಕಾಲು ಸುತ್ತು ತಿರುಗಿಸುವುದು, ಕಾಯುವುದು, ಕೇಳುವುದು. ಇಂಜಿನ್ನಿನ ಸದ್ದು ತಾನಾಗಿ ಏರುತ್ತ ಹೋಗಿ ಒಂದು ಕಡೆ ತಿಳಿಯಾಗುತ್ತದೆ. ಅದನ್ನು ದಾಟಿದರೆ ಮತ್ತೆ ಕುಂದುತ್ತದೆ. ತಿಳಿಯಾದ ಜಾಗದಲ್ಲೇ ಬಿಟ್ಟು, ಸ್ಲೋ ಸ್ಕ್ರೂನಿಂದ ಓಟ ಇಳಿಸಬೇಕು. ಅರ್ಧ ರೇಸಿನಲ್ಲಿ ಇನ್ನೂ ಮುಗ್ಗರಿಸಿದರೆ, ಸ್ಲೈಡಿನಲ್ಲಿ ತೂಗುವ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕುತ್ತೇನೆ. ಆಗ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ತುಸು ಧಾರಾಳವಾಗಿ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಶಿರಾಳಕೊಪ್ಪದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಪ್ಲಗ್ ಬಿಚ್ಚಿದರೆ ತೀರ್ಪು ಅದರ ಮೇಲೇ ಇರುತ್ತದೆ. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು. ಒಣಗಿದ ಅಡಿಕೆ ಸಿಪ್ಪೆಯ ಬಣ್ಣ ಬಂದಿದ್ದರೆ ಎರಡೂ ಹದವಾಗಿ ಕೂಡಿವೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಯೆಜ್ಡಿಗಳು ಈಗಲೂ ಓಡುತ್ತಿರುವುದು ಇಂಥ ಕಿವಿಗಳಿಂದ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಗಾಳಿ-ಪೆಟ್ರೋಲಿನ ಲೆಕ್ಕವನ್ನು ಸೆನ್ಸರುಗಳೇ ಹಾಕುತ್ತವೆ. ಹೊಗೆ ಕಡಿಮೆಯಾಯಿತು, ಒಳ್ಳೆಯದೇ. ಆದರೂ ಕಾರ್ಬೊರೇಟರಿನ ಬೈಕೊಂದು ಮನೆಯಲ್ಲಿ ಉಳಿದಿದ್ದರೆ, ಅದನ್ನು ಬಿಚ್ಚುವ ದಿನ ಶಾಲೆಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಹರಿವು ವೇಗವಾದಲ್ಲಿ ಒತ್ತಡ ಕುಗ್ಗಿ ಸೆಳೆತ ಹುಟ್ಟುತ್ತದೆಂದು ಬರ್ನೂಲಿ 1738ರಲ್ಲಿ ಬರೆದದ್ದನ್ನು ಅವರು ಪುಸ್ತಕದಲ್ಲಿ ಓದಿ ಅಂಕ ತೆಗೆಯುತ್ತಾರೆ. ಸ್ಕ್ರೂಡ್ರೈವರ್ ಅವರ ಕೈಗೇ ಕೊಟ್ಟರೆ, ಅದೇ ನಿಯಮವನ್ನು ಕಾಲು ಸುತ್ತಿನಲ್ಲಿ ಕಿವಿಯಾರೆ ಕೇಳಿ ನಂಬುತ್ತಾರೆ.