ಒಂದಕ್ಷರದ ಕಾಳಗ

ದೊಡ್ಡಬಳ್ಳಾಪುರದ ಕಡೆಯ ನಮ್ಮ ಕೇರಿಯಿಂದ ತಾತ ಸೈನ್ಯಕ್ಕೆ ಹೋದ, ಗಡಿ ಕಾದ. ಅವನ ಡಿಸ್ಚಾರ್ಜ್ ಬುಕ್ಕಿನಲ್ಲಿ ಯಾರೋ ಗುಮಾಸ್ತ ಅಜ್ಜಿಯ ಹೆಸರಿನ 'ಮುನಿ'ಯನ್ನು 'ಮಣಿ' ಮಾಡಿಬಿಟ್ಟ. ಇಂಗ್ಲಿಷ್ ಓದೋರು ಮನೇಲಿ ಯಾರಿದ್ದರು? ಡಿಗ್ರಿ ಮುಗಿಸಿದ ಮೇಲೆ ನಾವೇ ಮೊದಲು ಓದಿದೆವು.

ನಾಳೆ ತಾತ ಕಣ್ಮುಚ್ಚಿದರೆ ಕುಟುಂಬ ಪಿಂಚಣಿ ಬರೋದು ಕಾಗದದ 'ಮಣಿ'ಗೆ. ಮುದ್ದೆ ಉಣ್ಣಬೇಕಾದವಳು ಆಧಾರ್ ಕಾರ್ಡಿನ 'ಮುನಿ'. ಅದಕ್ಕೇ ಅಫಿಡವಿಟ್ ಮಾಡಿಸಿ, ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಅರ್ಜಿ ಕಳಿಸಿದ್ದೇವೆ. ಅಲ್ಲಿ ಪಾರ್ಟ್ ಟೂ ಆರ್ಡರ್ ಹೊರಟರೇ ಹೆಸರು ತಿದ್ದಿದ ಹಾಗೆ.

2021ರಲ್ಲಿ ಬಂದ ಸೈನ್ಯದ ಪಿಂಚಣಿ ವ್ಯವಸ್ಥೆಯ ಹೆಸರು 'ಸ್ಪರ್ಶ್'. ಊರು ಮುಟ್ಟಿಸಿಕೊಳ್ಳದ ಅಜ್ಜಿಗೆ ಈ ಹೆಸರಿನ ಅರ್ಥ ಹೇಗೆ ಹೇಳೋಣ?

ಗೆಳೆಯರೇ, ನಿಮ್ಮ ಕೇರಿಯ ಟ್ರಂಕುಗಳ ತಳದಲ್ಲೂ ಇಂಥ ಬುಕ್ಕಿದ್ದಾವು. ಮುದುಕರು ಬದುಕಿರುವಾಗಲೇ ತೆಗೆದು ಓದಿರಿ. ನಾವು ಕಲಿತ ಅಕ್ಷರಕ್ಕೆ ಇದೇ ಮೊದಲ ಕೆಲಸ.